ಗೋಡೆಯ ಮೇಲೆ ಮೂರು ದಿನದ ಬಂಗುಡೆ

ಆ ಸಂಜೆ ಮುಚ್ಚಿದ ಸೀರೆ ಅಂಗಡಿಯೊಳಗೆ ಐದು ಜನ ಇದ್ದೆವು. ಚಿತ್ರ ಬರೆಯುವ ನಾನು, ಮಣ್ಣಿನಲ್ಲಿ ಮೂರ್ತಿ ಮಾಡುವ ಗೆಳತಿ, ನಾಟಕ ಕಲಿಸುವ ಮೇಷ್ಟ್ರು, ಕಟ್ಟಡದ ಒಡತಿ, ಮತ್ತೆ ಬೆಂಗ್ರೆಯಿಂದ ಹೊಳೆ ದಾಟಿ ಬಂದಿದ್ದ ಅವರ ನಾದಿನಿ. ಅಂಗಡಿಯವರು ಬಿಟ್ಟುಹೋದ ತಲೆಯಿಲ್ಲದ ಬೊಂಬೆಗಳನ್ನೂ ಸೇರಿಸಿಕೊಂಡರೆ ಒಂಬತ್ತು.

ಒಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ದಕ್ಕೆಯಲ್ಲಿ, ಅಂದರೆ ಬೋಟುಗಳು ಬಂದು ಮೀನು ಇಳಿಸುವ ಕಡೆ, ಅವರದು ಬಹಳ ಹಳೆಯ ವ್ಯಾಪಾರ. ಕದ್ರಿಗೆ ಹೋಗುವ ದಾರಿಯ ಈ ಎರಡಂತಸ್ತಿನ ಕಟ್ಟಡವನ್ನು ಕೊಂಡದ್ದೂ ಅದರಿಂದಲೇ. ಸೀರೆ ಅಂಗಡಿ ಎದ್ದುಹೋದ ಮೇಲೆ ಅದು ವರ್ಷವಿಡೀ ಖಾಲಿ ಬಿದ್ದಿತ್ತು. ನಾವು ಹೋಗಿ ಕೇಳಿದಾಗ ಅಕ್ಕ ಹೇಳಿದ್ದು ಇಷ್ಟೆ: "ಖಾಲಿ ಬಿಟ್ರೆ ಹೆಗ್ಗಣ ಬರ್ತದೆ. ಅದರ ಬದಲು ನೀವು ಬನ್ನಿ. ಕರೆಂಟು ಬಿಲ್ಲು ಕಟ್ಟಿ, ಮತ್ತೆ ಕೈಲಾದಷ್ಟು ಕೊಡಿ. ಒಳ್ಳೆ ಬಾಡಿಗೆಯವ್ರು ಸಿಕ್ಕಿದ್ರೆ ಮಾತ್ರ ಏಳ್ಬೇಕು, ಆಯ್ತಾ?"

ಹೆಗ್ಗಣಕ್ಕಿಂತ ಒಂದು ಮೆಟ್ಟಿಲು ಮೇಲೆ ಎಂದು ನಾವು ಖುಷಿಯಿಂದ ಬೀಗದ ಕೈ ತಗೊಂಡೆವು. ಮೇಷ್ಟ್ರಿಗೆ ಟ್ರಯಲ್ ರೂಮಿನ ಕನ್ನಡಿಗಳೆಂದರೆ ಪ್ರಾಣ. "ಒಬ್ಬ ಸೈನಿಕನನ್ನು ನಿಲ್ಲಿಸಿದ್ರೆ ಸಾಕು, ಇಡೀ ಸೈನ್ಯ ಬಿಟ್ಟಿ" ಎನ್ನುತ್ತಿದ್ದರು.

ಎಂಟು ತಿಂಗಳಾಗುವಾಗ ಒಳ್ಳೆ ಬಾಡಿಗೆಯವರು ಬಂದೇಬಿಟ್ಟರು, ಮೊಬೈಲ್ ಅಂಗಡಿ ಹಾಕುವವರು. ತಿಂಗಳ ಕೊನೆಗೆ ಜಾಗ ಬೇಕಂತೆ. ನನ್ನದೂ ಮೇಷ್ಟ್ರದೂ ಒಂದು ರಿಕ್ಷಾದಲ್ಲಿ ಹಿಡಿಸುವ ಸಾಮಾನು. ಗೆಳತಿಯ ಪಾಡು ಹಾಗಲ್ಲ. ಮೇಲಿನ ಮಹಡಿಯಲ್ಲಿ ಅವಳು ಕಟ್ಟಿದ್ದ ಆಳೆತ್ತರದ ಮಣ್ಣಿನ ಹೆಂಗಸು ಇನ್ನೂ ಹಸಿ. ಆ ಮಳೆಯ ತೇವದಲ್ಲಿ ಒಣಗಲು ಎರಡು ತಿಂಗಳಾದರೂ ಬೇಕು. ಅದಕ್ಕೆ ಮೊದಲು ಮೆಟ್ಟಿಲಿಳಿಸಿದರೆ ಅಷ್ಟು ದಿನದ ಕೆಲಸ ಪುಡಿಪುಡಿ. ಎರಡು ತಿಂಗಳು ಬಿಡಿ ಎಂದು ಬೇಡಿದೆವು. "ಬಂದು ನೋಡಿ ಹೇಳ್ತೇನೆ" ಎಂದರು ಅಕ್ಕ.

ಅವರನ್ನು ಮೆಚ್ಚಿಸುವ ಉಪಾಯ ನನ್ನದು. ಕೆಳಗಿನ ಗೋಡೆಯ ತುಂಬ ಒಂದು ದೊಡ್ಡ ಬಂಗುಡೆ ಬರೆಯುವುದು! ನಾನು ಕುಲಶೇಖರದ ಬೇಸಾಯದ ಮನೆಯವನು. ಮೀನು ಮಸಾಲೆ ಹಚ್ಚಿಕೊಂಡು ತಟ್ಟೆಗೆ ಬರುವ ಮುಂಚೆ ಅದರ ಮುಖವನ್ನು ಸರಿಯಾಗಿ ನೋಡಿದವನಲ್ಲ. ರಸ್ತೆ ಬದಿಯಲ್ಲಿ ಒಂದು ಬಂಗುಡೆ ತಂದು, ಐಸಿನ ಮೇಲಿಟ್ಟು, ಎದುರು ಕುಳಿತು ಮೂರು ದಿನ ಬರೆದೆ. ಎರಡನೆಯ ದಿನವೇ ಮೇಷ್ಟ್ರು ಮೂಗಿಗೆ ಟವೆಲ್ ಕಟ್ಟಿಕೊಂಡರು. ಕಣ್ಣನ್ನೂ ಕಿವಿರನ್ನೂ ಕೊನೆಗೆ ಬರೆದೆ. ಕಂಡದ್ದನ್ನು ಕಂಡ ಹಾಗೆಯೇ ಬರೆಯಬೇಕು ಎಂಬುದು ನನ್ನ ಹಟ.

ಆ ಸಂಜೆ ಅಕ್ಕ ನಾದಿನಿಯ ಜೊತೆ ಒಳಗೆ ಬಂದವರೇ ಗೋಡೆಯ ಮುಂದೆ ನಿಂತರು.

"ಇದು ಸತ್ತು ಮೂರು ದಿನ ಆಯ್ತು."

"ನಾಲ್ಕು" ಎಂದರು ನಾದಿನಿ. "ಕಣ್ಣು ನೋಡಿ ಅತ್ತಿಗೆ, ಹೊಂಡಕ್ಕೆ ಬಿದ್ದಿದೆ."

"ಅಕ್ಕ, ಅದು ಚಿತ್ರ" ಎಂದರು ಮೇಷ್ಟ್ರು ಮೆಲ್ಲಗೆ.

"ಚಿತ್ರ ಆದ್ರೆ ಎಂತ, ಮೀನಲ್ವಾ?" ಎನ್ನುತ್ತ ಅಕ್ಕ ಹೆಬ್ಬೆರಳಿನಿಂದ ಅದರ ಹೊಟ್ಟೆಯನ್ನು ಒತ್ತಿದರು. ದಪ್ಪಗೆ ಬಳಿದ ಎಣ್ಣೆ ಬಣ್ಣ ಇನ್ನೂ ಒಣಗಿರಲಿಲ್ಲ. "ನೋಡಿ, ಗುಂಡಿ ಬಿತ್ತು! ಇಷ್ಟು ವರ್ಷದಲ್ಲಿ ಒಂದು ಹಳತು ಮೀನು ಮಾರಿದವಳಲ್ಲ ನಾನು. ನೀವು ನನ್ನ ಗೋಡೆಯಲ್ಲೇ ಇಟ್ಟಿದ್ದೀರಲ್ಲ ಮಾರಾಯ್ರೆ! ದಕ್ಕೆಯ ಹೆಂಗಸರು ಕಂಡ್ರೆ ನನ್ನ ಮರ್ಯಾದೆ ಉಂಟಾ?"

ಗೆಳತಿ ಮುಂದೆ ಬಂದಳು. "ಅಕ್ಕ, ನನ್ನ ಎರಡು ತಿಂಗಳು..."

"ಮೊದಲು ಮೀನು ಸರಿ ಆಗ್ಲಿ. ತಿಂಗಳು ಮತ್ತೆ." ನನ್ನ ಕಡೆ ತಿರುಗಿದರು. "ನೀವು ನಾಳೆ ಬೆಳಿಗ್ಗೆ ದಕ್ಕೆಗೆ ಬನ್ನಿ."

ಹೋದೆ. ಆಗಷ್ಟೆ ಬೋಟಿನಿಂದ ಇಳಿದ ಬುಟ್ಟಿಯಿಂದ ಒಂದು ಬಂಗುಡೆಯನ್ನು ಅಕ್ಕ ನನ್ನ ಅಂಗೈಗೆ ಹಾಕಿದರು.

"ಹಿಡ್ಕೊಳ್ಳಿ, ಕಚ್ಚುದಿಲ್ಲ. ಬೆನ್ನಿನ ಈ ಹಸಿರು ಸ್ವಲ್ಪ ಹೊತ್ತು ಮಾತ್ರ ಹೀಗೆ ಇರ್ತದೆ. ಬೇಗ ನೋಡಿ."

ನಾನು ಬೂದು ಬಳಿದಿದ್ದ ಬೆನ್ನಿನಲ್ಲಿ ನವಿಲಿನ ಕತ್ತಿನ ಬಣ್ಣವಿತ್ತು. ಕಣ್ಣು ಗಾಜಿನ ಮಣಿಯಂತೆ ಹೊರಗೆ ಉಬ್ಬಿತ್ತು. ನಾನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು ಪಕ್ಕದ ಬುಟ್ಟಿಯ ಹೆಂಗಸು ಕೇಳಿದಳು, "ಅಕ್ಕ, ಇವ್ರು ಅದನ್ನು ತಕ್ಕೊಳ್ತಾರಾ, ಮದುವೆ ಆಗ್ತಾರಾ?"

ಇಡೀ ಗೋಡೆಯನ್ನು ಕೆರೆದು, ಬೇಗ ಒಣಗುವ ಬಣ್ಣದಲ್ಲಿ ಹೊಸದಾಗಿ ಬರೆದೆ. ಅಕ್ಕ ಮತ್ತೆ ಬಂದರು. ಒತ್ತಿದರು. ಗುಂಡಿ ಬೀಳಲಿಲ್ಲ.

"ಎಷ್ಟು ದಿನದ್ದು ಅತ್ತಿಗೆ?" ಎಂದು ನಾದಿನಿ ಕೇಳಿದರು.

"ಈಗ ಇಳಿದದ್ದು."

ಆಮೇಲೆ ಮೊದಲ ಸಲ ಮೇಲಿನ ಮಹಡಿಗೆ ಹತ್ತಿದರು. ಮಣ್ಣಿನ ಹೆಂಗಸಿನ ಮುಂದೆ ಬಹಳ ಹೊತ್ತು ನಿಂತರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಅಲ್ಲಿಂದಲೇ ಮೊಬೈಲಿನವರಿಗೆ ಫೋನ್ ಹೋಯಿತು: "ನೀವು ದೀಪಾವಳಿಗೆ ಅಂಗಡಿ ಇಡಿ, ಒಳ್ಳೆ ವ್ಯಾಪಾರ ಆಗ್ತದೆ. ಈಗ ಇಲ್ಲಿ ಒಬ್ಬಳು ಇದ್ದಾಳೆ, ಅವಳನ್ನು ಇಳಿಸ್ಲಿಕ್ಕೆ ಆಗುದಿಲ್ಲ."

ದೀಪಾವಳಿಗೆ ಒಂದು ವಾರ ಇರುವಾಗ ದಕ್ಕೆಯ ನಾಲ್ವರು ಹಮಾಲರು ಆ ಹೆಂಗಸನ್ನು ಮೆಟ್ಟಿಲಿಳಿಸಿ ಕುಲಶೇಖರದಲ್ಲಿ ಮಣ್ಣು ಸುಡುವ ಭಟ್ಟಿಗೆ ಮುಟ್ಟಿಸಿದರು. ಕಿರುಬೆರಳೊಂದು ಬಿರುಕು ಬಿಟ್ಟಿತು, ಅಷ್ಟೆ. ಗೋಡೆಯ ಬಂಗುಡೆಯ ಮೇಲೆ ಮೊಬೈಲಿನವರು ಬಿಳಿ ಬಣ್ಣ ಹೊಡೆದರು. ಬೆಂಗ್ರೆಯಲ್ಲಿ ನಾದಿನಿಯ ಮನೆಯವರ ಐಸ್ ಪ್ಲಾಂಟೊಂದು ಮುಚ್ಚಿ ಖಾಲಿ ಇತ್ತು. ಮುಂದಿನ ಸೋಮವಾರ ನಾವು ಮೂವರೂ ಸಾಮಾನು ಕಟ್ಟಿಕೊಂಡು ಫೆರಿ ಹತ್ತಿದೆವು.