ಮೊಲದ ಫೋನಿನಲ್ಲಿ ಅಜ್ಜಿ

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ, ಹೊಂಗನೂರಿನ ನಮ್ಮ ಹಳೆಯ ಮನೆಯ ನಡುಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಒಂದು ಗೋಡೆಯುದ್ದಕ್ಕೂ ರೇಷ್ಮೆ ಹುಳುಗಳ ತಟ್ಟೆಗಳು. ಎದುರಿಗೆ ಸ್ಟೂಲಿನ ಮೇಲೆ ಮೊಲದ ಆಕಾರದ ಟೆಲಿಫೋನು. ಬಿಡದಿಯ ಕಾರಿನ ಫ್ಯಾಕ್ಟರಿಗೆ ಸೇರಿದ ಹೊಸದರಲ್ಲಿ ಚಿಕ್ಕಪ್ಪ ತಂದದ್ದು. ಟೀವಿಯ ಕಾರ್ಟೂನಿನಿಂದ ಎದ್ದು ಬಂದಂತೆ ಹಲ್ಲು ಕಿರಿದು ಕೂತಿದ್ದ ಆ ಮೊಲದ ಬೆನ್ನೇ ರಿಸೀವರು. ಕರೆ ಬಂದರೆ ಕಣ್ಣು ಕೆಂಪಗೆ ಮಿನುಗಿ, ಕೀಚಲು ದನಿಯಲ್ಲಿ ಕೂಗುತ್ತಿತ್ತು. ನಿಮ್ಮ ಮನೆಯಲ್ಲೂ ಬಾತುಕೋಳಿಯೋ ಬೆಕ್ಕೋ ಹೀಗೆ ಫೋನಾಗಿ ಕೂತಿದ್ದರೆ, ಎತ್ತಲು ಮಕ್ಕಳೆಲ್ಲ ಓಡುತ್ತಿದ್ದುದು ನೆನಪಿರಬಹುದು. ಅಜ್ಜಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹುಳುಗಳು ಪೊರೆ ಬಿಡಲು ಅಲ್ಲಾಡದೆ ಮಲಗಿದ ದಿನಗಳಲ್ಲಿ ಅದು ಕೂಗಿದರೆ, "ಹುಳ ಜ್ವರಕ್ಕೆ ಕೂತವೆ, ಒಸಿ ಅದ್ರ ಬಾಯಿ ಮುಚ್ಚುಸ್ರೋ" ಎಂದು ಗದರುತ್ತಿದ್ದಳು. ತಾನಂತೂ ಒಮ್ಮೆಯೂ ಅದನ್ನು ಮುಟ್ಟಿದವಳಲ್ಲ.

ಸಾತನೂರಿನ ಕಡೆಗೆ ಮದುವೆಯಾಗಿ ಹೋಗಿದ್ದ ಸರೋಜತ್ತೆ, ಅಜ್ಜಿಯ ಒಬ್ಬಳೇ ಮಗಳು, ಅಂಗಡಿಯ ಕಾಯಿನ್ ಬಾಕ್ಸಿನಿಂದ ಆಗಾಗ ಫೋನ್ ಮಾಡುತ್ತಿದ್ದಳು. ಪಕ್ಕದಲ್ಲಿ ಗಂಡ ನಿಂತಿರುತ್ತಿದ್ದ. "ಚೆನ್ನಾಗಿವ್ನಿ" ಎನ್ನುವುದೊಂದೇ ಅವಳ ಮಾತು. ನಾವೂ ನಂಬಿದ್ದೆವು. ಒಂದು ಮಧ್ಯಾಹ್ನ ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ ಇದ್ದಾಗ ಮೊಲ ಕೂಗಿತು. ನಾನೇ ಎತ್ತಿದೆ, ಸರೋಜತ್ತೆ. ಅಂದು ಅತ್ತೆಯ ಜೊತೆ ಗಂಡ ಇರಲಿಲ್ಲವಂತೆ. ಆದರೂ ರೂಢಿಯಂತೆ "ಚೆನ್ನಾಗಿವ್ನಿ ಕಣವ್ವ" ಎಂದವಳು ಮುಂದೆ ಮಾತಾಡಲೇ ಇಲ್ಲ, ಉಸಿರಷ್ಟೇ ಕೇಳುತ್ತಿತ್ತು. ನಾನು ಹೆದರಿ ರಿಸೀವರನ್ನು ಅಜ್ಜಿಯ ಕಿವಿಗೆ ಒತ್ತಿ ಹಿಡಿದೆ. ಸೊಪ್ಪು ಹೆಚ್ಚುತ್ತಿದ್ದ ಅಜ್ಜಿಯ ಕೈ ನಿಂತಿತು.

"ಹೊಡುದ್ನಾ?" ಎಂದಳು. ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ.

"ಬಂದ್ಬುಡು ಮಗಳೇ. ಬಟ್ಟೆಬರೆ ಏನೂ ಬ್ಯಾಡ, ಬಸ್ ಹತ್ತು. ಮಿಕ್ಕಿದ್ದು ನಾನ್ ನೋಡ್ಕತೀನಿ."

ಸಂಜೆಯ ಬಸ್ಸಿನಿಂದ ಅತ್ತೆ ಬರಿಗೈಯಲ್ಲಿ ಇಳಿದಳು. ಕರೆದೊಯ್ಯಲು ಬಂದ ಗಂಡನನ್ನು ಅಜ್ಜಿ ಹೊಸಿಲು ದಾಟಗೊಡಲಿಲ್ಲ. ಅತ್ತೆ ನಮ್ಮಲ್ಲೇ ಉಳಿದು ಹುಳು ಮೇಯಿಸಿದಳು. ಬಿಡದಿಯ ಕಡೆ ಕೆಲಸ ಸಿಕ್ಕಾಗ, ಫ್ಯಾಕ್ಟರಿಯ ಟೋಪಿ ಹಾಕಿಕೊಂಡ ತನ್ನನ್ನು ಕನ್ನಡಿಯಲ್ಲಿ ನೋಡಿ ಬಿದ್ದುಬಿದ್ದು ನಕ್ಕಳು. ಎಲ್ಲರ ಕೈಗೂ ಮೊಬೈಲು ಬಂದಾಗ ಮನೆಯ ಲೈನು ತೆಗೆಸಿದರು. ಮೊಲ ಯಾವ ಮೂಲೆ ಸೇರಿತೋ. ಅಜ್ಜಿ ತೀರಿಕೊಂಡ ಮೇಲೆ ಮನೆ ಪಾಲಾಯಿತು, ನಡುಮನೆ ಕೆಡವಿದರು.

ಮೊನ್ನೆ ಅತ್ತೆ ಇದ್ದಕ್ಕಿದ್ದಂತೆ, "ಅವ್ವನ ಮುಖ ಕಣ್ಣಾಗೈತೆ, ದನಿ ಮರ್ತೋಯ್ತಾ ಐತೆ ಕಣವ್ವ. ನಿಂಗೇನಾರ ನೆಪ್ಪೈತಾ?" ಎಂದು ಕೇಳಿದಳು. ಅಜ್ಜಿ ಅಂದು ಫೋನಿನಲ್ಲಿ ಆಡಿದ ಮಾತೆಲ್ಲ ನನಗೆ ನೆನಪಿತ್ತು. ಅವಳ ಹಾಗೆಯೇ ಹೇಳಿ ತೋರಿಸಲು ಹೋದೆ. ಬಂದದ್ದು ನನ್ನ ದನಿ. ಆದರೂ ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡಳು.