ಶೈಲಾ ಮತ್ತು ನಾನು ಸರಿಸಿದ ಫೈಲು

ಕಂಪ್ಯೂಟರ್ ಪರದೆಯ ಮೇಲೆ ತಪ್ಪಿನ ಸೂಚನೆ ಬಂದೊಡನೆ ನಾವೆಲ್ಲ ಓದದೆಯೇ ‘ಓಕೆ’ ಒತ್ತಿಬಿಡುತ್ತಿದ್ದೆವು. ಶೈಲಾ ಮಾತ್ರ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅದನ್ನು ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದುತ್ತಿದ್ದಳು. “ಬೈಯವ್ರನ್ನ ಅರ್ಧಕ್ಕೇ ತಡದ್ರೆ ಸಿಟ್ಟು ಎಂತಕ್ಕೆ ಹೇಳಿ ಗೊತ್ತಾಗ್ತಿಲ್ಲೆ” ಎನ್ನುವಳು.

ಶಿರಸಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಕಚೇರಿ ನೋಡಿಕೊಳ್ಳುತ್ತಿದ್ದೆ. ಹೈಸ್ಕೂಲು ಮುಗಿಸಿ ಟೈಪಿಂಗ್ ಕಲಿತವನು, ಅಷ್ಟೇ. ಶೈಲಾ ಕೋಲಸಿರ್ಸಿಯಿಂದ ದಿನಾ ಬಸ್ಸಿನಲ್ಲಿ ಬಂದು ಪಾಠ ಹೇಳುತ್ತಿದ್ದಳು. ಕೀಲಿಮಣೆ ಗುದ್ದುವ ಹುಡುಗರಿಗೆ, “ಹೊಡದ್ರೆ ಎಮ್ಮೆನೂ ಹಾಲು ಕೊಡ್ತಿಲ್ಲೆ, ತಮಾ” ಎನ್ನುತ್ತಿದ್ದಳು. ಬಿಡುವಿನಲ್ಲಿ ಕೂತು ಕನ್ನಡ ಟೈಪಿಂಗ್ ಕಲಿಸುವ ಪ್ರೋಗ್ರಾಮನ್ನು ತಾನೇ ಬರೆದಿದ್ದಳು. ಕೇಂದ್ರದ ಯಜಮಾನರು ಮೆಚ್ಚಿದರೆ ಅದು ಸಿದ್ದಾಪುರ, ಯಲ್ಲಾಪುರದ ಶಾಖೆಗಳಿಗೂ ಹೋಗುತ್ತಿತ್ತು. ಅವಳ ಕೆಲಸವೂ ಕಾಯಂ ಆಗುತ್ತಿತ್ತು.

ಅವರು ಅದನ್ನು ನೋಡಲು ಬರುವುದಕ್ಕೆ ಎರಡು ದಿನ ಮೊದಲು ಆಯುಧಪೂಜೆ. ನಾನು ಕಂಪ್ಯೂಟರುಗಳನ್ನೆಲ್ಲ ಒರೆಸಿ ಕುಂಕುಮ ಇಟ್ಟೆ. ಹೊರಗೆ ಶುಚಿ ಮಾಡಿದ ಮೇಲೆ ಒಳಗೂ ಮಾಡೋಣವೆನ್ನಿಸಿತು. ಶೈಲಾಳ ಕಂಪ್ಯೂಟರಿನಲ್ಲಿ ಅರ್ಥವಾಗದ ಹೆಸರಿನ ಫೈಲುಗಳು ಹರಡಿಕೊಂಡಿದ್ದವು. ಅವನ್ನೆಲ್ಲ ಒಟ್ಟುಮಾಡಿ ‘ಹಳೇ ಸಾಮಾನು’ ಎಂಬ ಫೋಲ್ಡರಿಗೆ ಹಾಕಿದೆ.

ಯಜಮಾನರು ಹಾವೇರಿ ಕಡೆಯವರು. ಬಂದವರೇ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ತೋರಿಸೆಂದರು. ಶೈಲಾ ತಾನು ಬರೆದದ್ದನ್ನು ತೆರೆಯಹೋದರೆ ಅದು ತೆರೆದುಕೊಳ್ಳಲಿಲ್ಲ. ಅದಕ್ಕೆ ಬೇಕಾದ ಒಂದು ಫೈಲು, ಕಾಂಪೊನೆಂಟ್ ಅನ್ನುವಂಥದ್ದು, ರಿಜಿಸ್ಟರ್ ಆಗಿಲ್ಲ ಎಂದು ಪರದೆಯ ಮೇಲೆ ಬಂತು. ಅವಳು ಎಂದಿನಂತೆ ಗಟ್ಟಿಯಾಗಿ ಓದಿದಳು.

“ಓದಾಕ ನಮಗೂ ಬರ್ತೈತ್ರಿ, ಮೇಡಂ. ಇಲ್ಲೇ ಸ್ಟಾರ್ಟ್ ಆಗದ ಗಾಡಿ ಯಲ್ಲಾಪುರ ಘಟ್ಟ ಹೆಂಗ ಹತ್ತತೈತಿ?” ಎಂದರು ಯಜಮಾನರು.

“ಫೈಲು ಎಲ್ಲಿದ್ದು ಹೇಳಿ ಕಂಪ್ಯೂಟರ್ರು ಬರ್ಕಂಡಿರ್ತು. ಅಲ್ಲಿ ಹುಡುಕಿ, ‘ಫೈಲು ಇಲ್ಲೆ’ ಹೇಳ್ತಾ ಇದ್ದು” ಎಂದು ನನ್ನ ಕಡೆ ತಿರುಗಿದಳು. “ಹೆಗಡೇರೇ, ಇದನ್ನ ಯಾರಾದ್ರೂ ಮುಟ್ಟಿದ್ವಾ?”

“ಆನು ಮುಟ್ಟಿದ್ನಿಲ್ಲೆ, ಕೂಸೇ” ಎಂದೆ.

ನಾನು ಹಿರಿಯನೆಂದು ಯಜಮಾನರು ಕೊಡುತ್ತಿದ್ದ ಮರ್ಯಾದೆ ಹೋದೀತೆಂಬ ಹೆದರಿಕೆ. ಬೇರೇನೂ ಕಾರಣವಿರಲಿಲ್ಲ.

ಅವರು ಕಾಲು ಗಂಟೆ ಕಾದರು. ಹುಬ್ಬಳ್ಳಿಯಿಂದ ಸಿದ್ಧ ಪ್ರೋಗ್ರಾಮ್ ತರಿಸುತ್ತೇನೆ, ಬರುವ ತಿಂಗಳಿನಿಂದ ಇವರು ಬೇಡ ಎಂದು ನನಗೆ ಹೇಳಿ ಹೋದರು. ಅವಳ ಎದುರಿಗೇ ಹೇಳಿದರು. ಅವರ ಕಾರು ತಿರುವು ದಾಟುವಷ್ಟರಲ್ಲಿ ಶೈಲಾಳ ಪ್ರೋಗ್ರಾಮ್ ತೆರೆದುಕೊಂಡಿತ್ತು.

ತಿಂಗಳ ಕೊನೆಯ ದಿನ ಸಂಜೆ ಬೀಗದ ಕೈ ಕೊಡಲು ನನ್ನ ಮೇಜಿಗೆ ಬಂದಳು.

“ಹೆಗಡೇರೇ, ಆ ‘ಹಳೇ ಸಾಮಾನು’ ಫೋಲ್ಡರ್ ಮುಟ್ಟಡಿ. ಫೈಲು ಅದರೊಳಗೇ ಇದ್ದು. ಅಲ್ಲಿಂದ್ಲೇ ರಿಜಿಸ್ಟರ್ ಮಾಡಿಟ್ಟಿದ್ದೆ. ಹುಡುಗ್ರು ಕಲಿಯವರೆಗೆ ಕಲ್ಕಳ್ಳಿ.”

ನಮ್ಮ ಕೇಂದ್ರದಲ್ಲಿ ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡುತ್ತಿದ್ದವನು ನಾನೊಬ್ಬನೇ. ಅದು ಅವಳಿಗೂ ಗೊತ್ತಿತ್ತು. ನನ್ನ ಬಾಯಿಂದ ಏನಾದರೂ ಬರುತ್ತದೋ ಎಂಬಂತೆ ಅವಳು ಒಂದು ಗಳಿಗೆ ನಿಂತಳು. “ಬಸ್ಸಿಗೆ ಹೊತ್ತಾತನ?” ಎಂದು ಕೇಳಿದೆ. ಹೂಂ ಎಂದು ಹೋದಳು. ಆಮೇಲೆ ಅವಳನ್ನು ನಾನು ನೋಡಿಲ್ಲ.

ಯಜಮಾನರು ಶಿರಸಿಯಲ್ಲೇ ಮನೆ ಮಾಡಿಕೊಂಡಿದ್ದರು. ಆ ಮನೆ ನಾನು ದಿನಾ ನಡೆಯುವ ದಾರಿಯಲ್ಲೇ ಇತ್ತು. ಆ ಸಂಜೆಯೇ ಕೇಂದ್ರಕ್ಕೆ ಬೀಗ ಹಾಕಿ ಹೊರಟಾಗ ಅವರು ಜಗಲಿಯಲ್ಲಿ ದೀಪ ಹಾಕಿಕೊಂಡು ಕೂತಿದ್ದದ್ದು ದೂರದಿಂದಲೇ ಕಂಡಿತು. ನಾನು ಪೇಟೆ ಸುತ್ತಿಕೊಂಡು ಮನೆಗೆ ಹೋದೆ.