ಗುಲಾಬಿ ದಾರದ ಕಾದಂಬರಿಗಳು

ಧೊಂಡುಬಾಯಿ ಅವರಿಗೆ ಕನ್ನಡ ಓದಲು ಬರುವುದಿಲ್ಲ. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಶಾಲೆಯಲ್ಲಿ, ಅದೂ ಎರಡೇ ವರ್ಷ. ಸಹಿ ಮಾಡಲು, ಎಸ್.ಟಿ. ಬಸ್ಸಿನ ಬೋರ್ಡು ಓದಲು ಅಷ್ಟು ಸಾಕಾಗಿದೆ. ಆದರೂ ಈ ಗುರುವಾರ ಬೆಳಗಿನ ಐದೂವರೆಗೆ, ಡಿಸೆಂಬರಿನ ಚಳಿಯಲ್ಲಿ, ಮಹಾರಾಷ್ಟ್ರದ ಇಚಲಕರಂಜಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವರು ಹದಿನಾಲ್ಕು ಕನ್ನಡ ಕಾದಂಬರಿಗಳನ್ನು ಹರಡಿಕೊಂಡು ಕೂತಿದ್ದಾರೆ. ಪ್ರತಿ ಪುಸ್ತಕದ ನಡುವೆ ಒಂದು ನೂಲಿನ ಎಳೆ ಹಾಯಿಸಿ ಬೆನ್ನಿಗೆ ಗಂಟು ಹಾಕಿದೆ. ಕೆಂಪು ನೂಲಿದ್ದರೆ ಪ್ರೇಮದ ಕಥೆ, ಬಿಳಿ ಇದ್ದರೆ ದೆವ್ವದ್ದು. ಹಸಿರು ಇದ್ದರೆ ಮಾಂತ್ರಿಕರು, ಹಾರುವ ಕುದುರೆಗಳು, ಯಾವ ನಕಾಶೆಯಲ್ಲೂ ಇಲ್ಲದ ರಾಜ್ಯಗಳು. ಎಣಿಸಿ, ಚೀಲಕ್ಕೆ ತುಂಬಿ, ಬಸ್ಸು ಹತ್ತುತ್ತಾರೆ.

"ಮಾವಶೀ, ಆಜ ಪಿಶವೀತ ಭೂತ ಆಹೇ ಕಾ?" ಚಿಕ್ಕಮ್ಮ, ಇವತ್ತು ಚೀಲದಲ್ಲಿ ದೆವ್ವ ಇದೆಯೇ ಎಂದು ಕಂಡಕ್ಟರ್ ಸಾಗರ ಮರಾಠಿಯಲ್ಲಿ ಕೇಳುತ್ತಾನೆ.

"ದೋನ ಆಹೇತ. ತ್ಯಾಂಚಂ ತಿಕೀಟ ನಾಹೀ." ಎರಡಿವೆ, ಅವಕ್ಕೆ ಟಿಕೆಟ್ ಇಲ್ಲ, ಎನ್ನುತ್ತಾರೆ ಇವರು.

ವಾರದ ಉಳಿದ ಆರು ದಿನ ಧೊಂಡುಬಾಯಿ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಾರೆ. ಅಂದರೆ ಲಾಳಿಯೊಳಗೆ ಕೂಡಿಸುವ ಸಣ್ಣ ಕೊಳವೆಗೆ ನೂಲು ತುಂಬುವ ಕೆಲಸ. ಈಗ ಐವತ್ತೆಂಟು ವಯಸ್ಸು, ಈ ಕೆಲಸಕ್ಕೆ ಮೂವತ್ತು ವರ್ಷ. ಗಂಡ ಗಣಪತ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾರೆ. ಆ ಸದ್ದಿಗೆ ಅವರ ಕಿವಿ ಅರ್ಧ ಹೋಗಿದೆ. "ಮನ್ಯಾಗ ಕಥಿ ಹೇಳಾಕ ಹ್ವಾದ್ರ ಒದರಬೇಕ್ರಿ. ಒದರಿ ಹೇಳಿದ್ರ ಅದು ದೆವ್ವದ ಕಥಿ ಹೆಂಗಾಗತೈತಿ?"

ಈ ಚೀಲ ಶುರುವಾದದ್ದು ಹನ್ನೊಂದು ವರ್ಷದ ಹಿಂದೆ. ಶೆಡ್ಡಿನಲ್ಲಿ ಜೊತೆಗಿದ್ದ ಗುರುಸಿದ್ದವ್ವ ಹುಕ್ಕೇರಿ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದವರು. ತವರಿನಿಂದ ತಂದಿದ್ದ ಒಂದು ಕಾದಂಬರಿಯನ್ನು ದಿನವೂ ಊಟದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಹೇಳುತ್ತಿದ್ದರು. ಕಥೆ ಅರ್ಧಕ್ಕೆ ಬಂದಾಗ ಅವರ ಸಂಸಾರ ಗಡಹಿಂಗ್ಲಜಕ್ಕೆ ಹೋಯಿತು. ಧೊಂಡುಬಾಯಿ ಎರಡು ವಾರ ತಡೆದುಕೊಂಡರು. ಮೂರನೆಯ ವಾರದ ರಜೆಗೆ ಬಸ್ಸು ಹಿಡಿದು ಹೋಗಿ ಉಳಿದರ್ಧ ಕೇಳಿಕೊಂಡು, ಪುಸ್ತಕವನ್ನೂ ಇಸಿದುಕೊಂಡು ಬಂದರು. ಶೆಡ್ಡಿಗೆ ಬಂದು ಕೊನೆಯವರೆಗೂ ಹೇಳಿಬಿಟ್ಟರು. ಆಮೇಲೆ ಆ ಪುಸ್ತಕವನ್ನು ಯಾರೂ ಮುಟ್ಟಲಿಲ್ಲ.

ಅಂದಿನಿಂದ ಒಂದು ಕಟ್ಟಳೆ ಇದೆ. ಪುಸ್ತಕಕ್ಕೆ ಬಾಡಿಗೆ ಇಲ್ಲ. ವಾಪಸು ಕೊಡುವವರು ಅರ್ಧ ಕಥೆ ಹೇಳಬೇಕು. ಅರ್ಧವೇ. "ಕಡೀಕ ಏನಾತು ಅಂತ ನನಗ ಹೇಳಬ್ಯಾಡ್ರಿ ಅಂತೀನಿ. ನನಗ ಗೊತ್ತಾದ್ರ ನನ್ನ ಮಾರಿ ನೋಡೇ ಮುಂದಿನವ್ರು ತಿಳಕೋತಾರ." ಕೇಳಿದ ಅರ್ಧದ ಮೇಲೆ ನೂಲಿನ ಬಣ್ಣ ನಿರ್ಧಾರವಾಗುತ್ತದೆ. ಯಾರಿಗೆ ಯಾವುದು ಹಿಡಿಸೀತು ಎನ್ನುವುದೂ ಅಲ್ಲೇ ತಿಳಿಯುತ್ತದೆ.

ಹೊಸ ಪುಸ್ತಕ ಹುಡುಕುವುದೂ ಕಿವಿಯಿಂದಲೇ. ತಿಂಗಳಿಗೊಮ್ಮೆ ಸಂಕೇಶ್ವರದಲ್ಲಿ ಇಳಿದು ಆಬಾಸಾಹೇಬರ ಪುಸ್ತಕದ ಅಂಗಡಿಗೆ ಹೋಗುತ್ತಾರೆ. ಅಂಗಡಿಕಾರರು ಹೊಸದಾಗಿ ಬಂದ ಏಳೆಂಟು ಕಾದಂಬರಿಗಳ ಮೊದಲ ಪುಟವನ್ನಷ್ಟೇ ಗಟ್ಟಿಯಾಗಿ ಓದುತ್ತಾರೆ. "ಮೊದಲನೇ ಪುಟದಾಗ ಯಾರರೆ ಸುಳ್ಳ ಹೇಳಿದ್ರ ತಗೋತೀನ್ರಿ. ಬರೇ ಸೂರ್ಯಾ ಹುಟ್ಟಿ ಹಕ್ಕಿ ಕೂಗಿದ್ರ ಒಲ್ಲೆ." ಈ ಅಳತೆಗೋಲು ನಮ್ಮ ಎಷ್ಟೋ ವಿಮರ್ಶಕರದ್ದಕ್ಕಿಂತ ನೇರವಾಗಿದೆ. ಅವರು ತಂದದ್ದೆಲ್ಲ ಒಳ್ಳೆಯ ಪುಸ್ತಕವಲ್ಲ. ಆದರೆ ಅರ್ಧಕ್ಕೇ ಬಿಟ್ಟು ವಾಪಸು ಕೊಟ್ಟವರು ಕಡಿಮೆ.

ಓದುಗರು ನಲವತ್ತೊಂದು ಜನ ಇದ್ದರು. ಬಹುಪಾಲು ಅಥಣಿ, ಚಿಕ್ಕೋಡಿ, ಹುಕ್ಕೇರಿ ಕಡೆಯಿಂದ ಮದುವೆಯಾಗಿ ಬಂದ ಹೆಂಗಸರು. ಕನ್ನಡ ಶಾಲೆ ಓದಿದವರು ಅವರೇ. ಅವರ ಮಕ್ಕಳು ಕಲಿಯುವುದು ಮರಾಠಿಯಲ್ಲಿ. ಹಾಗಾಗಿ ಒಬ್ಬ ಓದುಗಿ ಬಿಟ್ಟುಹೋದರೆ ಆ ಜಾಗಕ್ಕೆ ಇನ್ನೊಬ್ಬಳು ಸಿಗುವುದು ಕಷ್ಟ. ಎಲ್ಲರಲ್ಲಿ ಕಿರಿಯಳು ಇಚಲಕರಂಜಿಯ ಸ್ನೇಹಲ, ಇಪ್ಪತ್ತನಾಲ್ಕು ವರ್ಷದವಳು. ನಾಲ್ಕು ತಿಂಗಳಿಂದ ಅವಳ ಮನೆಗೆ ಚೀಲ ಹೋಗಿಲ್ಲ. ತಪ್ಪು ಧೊಂಡುಬಾಯಿ ಅವರದೇ. ಇವತ್ತು ತಿರುಗಾಟ ಮುಗಿಸಿ ಆ ಮನೆಗೆ ಹೋಗುವುದೆಂದು ನಿರ್ಧರಿಸಿದ್ದಾರೆ.

ಆದದ್ದು ಇಷ್ಟು. ಈ ಸಲದ ಮಳೆಗಾಲದಲ್ಲಿ ಪಂಚಗಂಗೆ ಹೊಳೆ ಏರಿ ಓಣಿಗೆ ನೀರು ಬಂತು. ಮನೆಯಲ್ಲಿದ್ದ ಮುನ್ನೂರ ನಾಲ್ಕು ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುದ್ದೆಯಾದವು. ಉಳಿದವನ್ನು ಸೊಸೆ ರುಪಾಲಿ ಒಂದೊಂದೇ ಹಾಳೆ ಬಿಡಿಸಿ ಹಗ್ಗದ ಮೇಲೆ ಒಣಗಿಸಿದಳು. ಒಣಗಿದವು. ಆದರೆ ಒದ್ದೆಯಲ್ಲಿ ಕೆಂಪು ನೂಲು ಬಣ್ಣ ಬಿಟ್ಟಿತ್ತು, ಬಿಳಿ ನೂಲು ಅದನ್ನು ಕುಡಿದಿತ್ತು. ಎರಡೂ ಒಂದೇ ಗುಲಾಬಿ. ಬಣ್ಣ ಮಾಸಿದ ಕೆಂಪು ಎಂದುಕೊಂಡು ಧೊಂಡುಬಾಯಿ ಅವನ್ನೆಲ್ಲ ಪ್ರೇಮದ ಸಾಲಿಗೆ ಸೇರಿಸಿದರು. ದೆವ್ವ ಕೇಳಿದವರಿಗೆ ಆ ವಾರ ದೆವ್ವ ಇಲ್ಲ, ಇದ್ದದ್ದನ್ನೇ ಓದಿ ಎಂದರು. ರುಪಾಲಿಗೂ ಕನ್ನಡ ಬಾರದು, ಹೆಸರು ಓದಿ ನೋಡುವವರು ಮನೆಯಲ್ಲಿ ಇರಲಿಲ್ಲ. "ಮೂವತ್ತ ವರ್ಷ ನೂಲ ಸುತ್ತೀನಿ. ಕಡೀಕ ನೂಲಽ ನನಗ ಮೋಸಾ ಮಾಡ್ತು ನೋಡ್ರಿ."

ಬಸ್ಸು ಹುಪರಿಯಲ್ಲಿ ನಿಲ್ಲುತ್ತದೆ. ಬೆಳ್ಳಿ ಗೆಜ್ಜೆ ಮಾಡುವ ಭೂಪಾಲ ತಮ್ಮ ಮನೆಯ ಪಡಸಾಲೆಯಲ್ಲೇ ಬೆಸುಗೆ ಹಾಕುತ್ತಾ ಕೂತಿದ್ದಾರೆ. ಅವರು ದೆವ್ವ ಬಿಟ್ಟು ಬೇರೆ ಓದಿದವರೇ ಅಲ್ಲ. ಆ ವಾರ ಅವರಿಗೆ ಸಿಕ್ಕದ್ದು ಪ್ರೇಮ.

"ಮೂವತ್ತ ಪುಟ ಆತ್ರಿ, ಇನ್ನಾ ಒಬ್ರೂ ಸಾಯವಲ್ರು!" ಎಂದು ನಗುತ್ತಾರೆ. "ಹೆಂಡ್ತಿ ಕೇಳಿದ್ಳು, ಯಾಕ ಕಣ್ಣಾಗ ನೀರು ಅಂತ. ಬೆಸಗಿ ಹೊಗಿ ಅಂದೆ."

"ಹೊಗಿ ಇವತ್ತೂ ಬೇಕೇನಪಾ?" ಎನ್ನುತ್ತಾರೆ ಧೊಂಡುಬಾಯಿ.

"ಒಂದ ಕೆಂಪಂದು, ಒಂದ ಬಿಳೇದು ಕೊಡ್ರಿ ಮಾವಶಿ. ನೀವು ತಪ್ಪಿದ್ದ ಚಲೋ ಆತು. ಇಲ್ಲಾಂದ್ರ ನಾ ಸಾಯೂತನಾ ಸತ್ತವ್ರ ಕಥಿನೇ ಓದತಿದ್ದೆ."

ಕಾಗಲದಲ್ಲಿ ಬಸ್ಸು ಬದಲಿಸಿ ಗಡಹಿಂಗ್ಲಜ ಸೇರುವಾಗ ಹತ್ತು ದಾಟಿದೆ. ಕಬ್ಬಿನ ಹೊಲದವರ ಮನೆಯ ಹಾಲವ್ವ, ಅರವತ್ತೆರಡು ವರ್ಷ, ಕಟ್ಟೆಯ ಮೇಲೆ ಕಾಯುತ್ತಿದ್ದಾರೆ. ಮದುವೆಯಲ್ಲಿ ಮುಗಿಯುವ ಕಥೆಗಳನ್ನಷ್ಟೇ ಇಷ್ಟು ವರ್ಷ ಓದಿದವರು. ಅವರ ಪಾಲಿಗೆ ಬಂದದ್ದು ದೆವ್ವ.

"ಏ ಧೊಂಡವ್ವಾ, ಮದುವಿ ಆಕ್ಕೈತಂತ ಓದಕೋತ ಹೊಂಟೆ. ಹುಡಗಿ ಸತ್ತ ಮೂರ ವರ್ಷ ಆಗಿತ್ತಲ್ಲ!"

"ಹುಡಗಗ ಗೊತ್ತಿತ್ತನ?"

"ಅದು ಅರ್ಧಾದ ಮ್ಯಾಲಿಂದು. ಹೇಳಂಗಿಲ್ಲ."

ಇಬ್ಬರೂ ನಗುತ್ತಾರೆ. ಆ ಪುಸ್ತಕ ಓದಿದ ದಿನ ಹಾಲವ್ವ ಹಗಲು ಹೊತ್ತಿನಲ್ಲೇ ದನದ ಕೊಟ್ಟಿಗೆಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದರಂತೆ. ಮರುವಾರ ಅಂಥದ್ದೇ ಇನ್ನೊಂದು ಕೇಳಿದರು. ಈಗ ಹಸಿರು ನೂಲಿನದ್ದೂ ಬೇಕಂತೆ. "ಈ ವಯಸ್ಸಿಗೆ ಹೊಸಾ ಅಂಜಿಕಿ ಕೊಟ್ಟಾಳ್ರಿ ಈಕಿ. ನನ್ನ ಮಕ್ಕಳು ಇಷ್ಟ ಕೊಟ್ಟಿಲ್ಲ," ಎಂದು ಧೊಂಡುಬಾಯಿ ಅವರ ಚೀಲಕ್ಕೆ ಒಂದು ಬೆಲ್ಲದ ಹೆಂಟೆ ಹಾಕುತ್ತಾರೆ.

ಕಳೆದ ತಿಂಗಳು ಐವತ್ತೆರಡು ಪುಸ್ತಕ ಕೈ ಬದಲಾದವು. ಅದರಲ್ಲಿ ಹತ್ತೊಂಬತ್ತನ್ನು ಒಯ್ದವರು ಹಿಂದೆಂದೂ ಆ ಬಣ್ಣ ಮುಟ್ಟಿರಲಿಲ್ಲ. ಅದಲುಬದಲಾದದ್ದರಿಂದ ಇಷ್ಟು ಲಾಭ. ಬೇಕೆಂದು ಮಾಡಿದ್ದಲ್ಲ ಎಂದು ಧೊಂಡುಬಾಯಿ ಎಲ್ಲರಿಗೂ ಹೇಳುತ್ತಾರೆ.

ನಾಲ್ಕು ಗಂಟೆಗೆ ಇಚಲಕರಂಜಿಗೆ ವಾಪಸು ಬಂದು ನೇರ ಸ್ನೇಹಲಳ ಮನೆಗೆ ನಡೆಯುತ್ತಾರೆ. ನೂಲು ಅದಲುಬದಲಾದ ಆ ವಾರ ಸ್ನೇಹಲ ಬಾಣಂತಿಯಾಗಿದ್ದಳು. ಕೂಸಿಗೆ ಹನ್ನೆರಡು ದಿನ. ಬಾಣಂತಿಯ ಕೋಣೆಯಲ್ಲಿ ದೆವ್ವದ ಮಾತನ್ನೇ ಆಡದ ಮನೆಯೊಳಗೆ, ಅವಳ ದಿಂಬಿನ ಕೆಳಗೆ, ಗುಲಾಬಿ ನೂಲಿನ ದೆವ್ವದ ಪುಸ್ತಕ ಸಿಕ್ಕಿತು. ಅದೇ ದಿನ ಕೂಸಿಗೆ ಜ್ವರ ಬಂತು. ಎರಡು ದಿನ ಔಷಧಿ ಕೊಟ್ಟ ಮೇಲೆ ಇಳಿಯಿತು. ಪುಸ್ತಕದಿಂದ ಜ್ವರ ಬರುವುದಿಲ್ಲ ಎಂದು ಧೊಂಡುಬಾಯಿ ಯಾರೊಡನೆಯೂ ವಾದಿಸಿಲ್ಲ.

ಅತ್ತೆ ಹೊಸ್ತಿಲಲ್ಲಿ ನಿಂತೇ ಕೇಳುತ್ತಾರೆ. "ಮತ್ತ್ಯಾಕ ಬಂದಿ?"

"ತಪ್ಪ ನಂದು ಅಂತ ಹೇಳಾಕ ಬಂದೇನ್ರಿ ಅಕ್ಕಾರ. ಬಾಣಂತಿ ಮನಿಗೆ ಇನ್ನೊಬ್ರ ಕಡೆ ಓದಿಸಿ ನೋಡಿ ತರಬೇಕಿತ್ತು. ಈಗ ಎಲ್ಲಾ ಓದಿಸೇ ದಾರಾ ಕಟ್ಟೇನಿ. ಇದು ಬರೇ ಮದುವಿ ಕಥಿ."

"ನೀ ಬೇಕಂತ ಮಾಡಿಲ್ಲ, ಗೊತ್ತೈತಿ. ಒಳಗ ಬಾ, ಚಾ ಕುಡಿ. ಪುಸ್ತಕ ಬ್ಯಾಡ."

"ಕೂಸು ದೊಡ್ಡದಾದ ಮ್ಯಾಲೆ?"

"ಆಮ್ಯಾಲೂ ಬ್ಯಾಡವ್ವಾ. ನನ್ನ ಜೀವಾ ಒಪ್ಪೂದಿಲ್ಲ."

ಚಹಾ ತಂದವಳು ಸ್ನೇಹಲ. ಕೂಸಿನ ಹೆಸರು ರುತುಜಾ ಎಂದು ಹೇಳುತ್ತಾಳೆ, ಚೀಲದ ಕಡೆ ಒಮ್ಮೆ ನೋಡುತ್ತಾಳೆ, ಒಳಗೆ ಹೋಗುತ್ತಾಳೆ.

ಓಣಿಯಲ್ಲಿ ನಡೆಯುತ್ತ ಧೊಂಡುಬಾಯಿ ಆ ಮದುವೆ ಕಥೆಯನ್ನು ಚೀಲದ ತಳಕ್ಕೆ ಸೇರಿಸುತ್ತಾರೆ. ಆಮೇಲೆ ಹೇಳುತ್ತಾರೆ: "ಚಾ ಕೊಟ್ರಲ್ರಿ, ಅದು ದೊಡ್ಡ ಮಾತು. ಉಳದವ್ರು ಬೈದ್ರು, ನಕ್ಕರು, ಮತ್ತ ಇಸಗೊಂಡ್ರು. ಓದಾಕ ಬರದ ಹೆಂಗಸಿನ ಕೈಲೆ ಯಾರ ಪುಸ್ತಕ ಇಸಗೋತಾರ್ರಿ? ಇವ್ರು ಇಸಗೋತಾರ. ಅವ್ರ ಉಪಕಾರ ಭಾಳ ಐತಿ ನನ್ನ ಮ್ಯಾಲೆ."

ಈ ಸಲದ ಮಳೆಗಾಲದಲ್ಲಿ ಹೋದದ್ದು: ಪುಸ್ತಕ ನೂರ ಅರವತ್ತಮೂರು, ಓದುಗಿ ಒಬ್ಬಳು.